ತುಕ್ಕು ಕ್ಯಾಸೆಟ್ಟಿನ ಬಿ ಸೈಡ್

ನಮ್ಮೂರಿನಲ್ಲಿ ಹಳೇ ಹಾಡು ಹಾಕುವ ಮೊದಲು ಒಲೆ ಆರಿಸಬೇಕು, ಬಾವಿಗೆ ಮುಚ್ಚಳ ಎಳೆಯಬೇಕು, ಮಣಿಕಟ್ಟಿಗೊಂದು ಚೀಟಿ ಕಟ್ಟಿಕೊಳ್ಳಬೇಕು. ಯಾವ ಹಾಡನ್ನು ಎಷ್ಟನೇ ವಯಸ್ಸಿನಲ್ಲಿ ಮೊದಲು ಕೇಳಿದ್ದೇವೋ, ಅದು ಮತ್ತೆ ಕಿವಿಗೆ ಬಿದ್ದಷ್ಟು ಹೊತ್ತೂ ನಾವು ಆ ವಯಸ್ಸಿನವರು. ಮೈ ಮಾತ್ರ ಇದ್ದ ಹಾಗೇ ಇರುತ್ತದೆ, ಮಂಡಿನೋವು, ಬೋಳುತಲೆ ಸಮೇತ. ಒಳಗಿನ ಮನುಷ್ಯ ಹಿಂದಕ್ಕೆ ಹೋಗಿಬಿಡುತ್ತಾನೆ. ಹಾಡು ನಿಂತ ಕೂಡಲೇ ವಾಪಸು ಬರುತ್ತಾನೆ. ಮಧ್ಯೆ ಮಾಡಿದ ಘನಕಾರ್ಯವೆಲ್ಲ ಚೆನ್ನಾಗಿ ನೆನಪಿರುತ್ತದೆ, ಕಷ್ಟ ಇರುವುದು ಅಲ್ಲಿ.

ಯಾಕೆ ಹೀಗೆ ಎಂದು ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ. "ನೀರು ಯಾಕೆ ಒದ್ದೆ ಅಂತಲೂ ಕೇಳು. ಸುಮ್ನೆ ಉಣ್ಣು" ಅಂದಿದ್ದಳು. ನಮ್ಮೂರಿನ ಅಜ್ಜಿಯರು ಜೋಗುಳ ಹಾಡುವುದಿಲ್ಲ. ಒಬ್ಬರು ಹಾಡಿದರೆ ತೊಟ್ಟಿಲ ಸುತ್ತ ನಿಂತ ದೊಡ್ಡವರೆಲ್ಲ ಹಾಲಿಗಾಗಿ ಅಳಲು ಶುರುಮಾಡುತ್ತಾರೆ. ಹಾಗಾಗಿ ಕಥೆ ಹೇಳಿಯೇ ಮಕ್ಕಳನ್ನು ಮಲಗಿಸಬೇಕು. ನಮ್ಮ ಚೆನ್ನಾಜಮ್ಮಜ್ಜಿ ಹಾಗೆ ಹೇಳಿದ ಸಾವಿರಾರು ಕಥೆಗಳನ್ನು ತಿಂದು ಬೆಳೆದವಳು ನಾನು. ಅದರಿಂದ ನನಗಾದ ನಷ್ಟವೆಂದರೆ, ಎಂಥ ಗಂಟನ್ನೂ ಬಿಡಿಸುವ ಒಂದು ಮಾಯದ ವಸ್ತು ಎಲ್ಲೋ ಇದೆ ಎಂದು ಇವತ್ತಿಗೂ ನಂಬುತ್ತೇನೆ. ಒಂದು ಉಂಗುರ, ಒಂದು ಗಿಳಿ, ಒಂದು ಚಿಟಿಕೆ ಬೂದಿ. ನನ್ನ ಪಾಲಿಗೆ ಬಂದದ್ದು ಒಂದು ಕ್ಯಾಸೆಟ್.

ನನ್ನ ಕಸುಬು ಚೀಟಿ ಬರೆಯುವುದು. ಪುರಸಭೆಯ ಮೆಟ್ಟಿಲ ಪಕ್ಕ ಮೇಜು ಹಾಕಿ ಕೂರುತ್ತೇನೆ. ಹಾಡು ಕೇಳಲು ಹೊರಟವರು ಬಂದು, ತಮ್ಮ ಹಳೇ ವಯಸ್ಸಿನವರಿಗೆ ತಾವೇ ಹೇಳಬೇಕಾದ ಎಚ್ಚರಿಕೆಯನ್ನು ಬರೆಸಿಕೊಂಡು ಹೋಗುತ್ತಾರೆ. ‘ನಿನ್ನ ಹಲ್ಲು ಕಟ್ಟಿಸಿದ್ದು, ಕಬ್ಬು ಕಡಿಯಬೇಡ.’ ‘ಪರೀಕ್ಷೆ ಮುಗಿದು ಮೂವತ್ತು ವರ್ಷವಾಯಿತು, ಓಡಬೇಡ.’ ನಮ್ಮ ಎದುರು ಸಾಲಿನ ಟೈಲರ್ ಸದಾನಂದನ ಹೆಂಡತಿ, ಇದೇ ಬೀದಿಯಲ್ಲಿ ಬೆಳೆದ ಕಸ್ತೂರಿಗೆ ನಾನು ಬರೆದುಕೊಟ್ಟದ್ದು ಊರಿಗೇ ಪ್ರಸಿದ್ಧ. ‘ಈ ದರ್ಜಿ ನಿನ್ನ ಗಂಡ. ಹೌದು, ಇವನೇ. ಕಿರುಚಬೇಡ.’ ಅದನ್ನವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. ಬೇರೆಯವರ ಬಾಳಿಗೆ ಎರಡು ಸಾಲು ಬರೆಯುವುದು ನನಗೆ ಅಷ್ಟು ಸಲೀಸು.

ಕ್ಯಾಸೆಟ್ಟಿನ ಹೆಸರು ‘ತುಕ್ಕು’. ಹಾಡಿದವರು ‘ಸೀಮೆಎಣ್ಣೆ’ ಎಂಬ ರಾಕ್ ಬ್ಯಾಂಡಿನ ನಾಲ್ವರು. ಕವರಿನ ಮೇಲೆ ಕರೆಂಟು ತಂತಿಗೆ ಸಿಕ್ಕಿಕೊಂಡ ಒಂಟಿ ಹವಾಯಿ ಚಪ್ಪಲಿ. ಎಂಟು ಹಾಡು, ನಲವತ್ತನಾಲ್ಕು ನಿಮಿಷ. ಗಿಟಾರು ಉದ್ದಿನಬೇಳೆ ಇಲ್ಲದೆ ತಿರುಗುವ ಗ್ರೈಂಡರಿನ ಹಾಗೆ ಕೇಳುತ್ತದೆ. ಹಾಡುವವನು ಹೊಟ್ಟೆನೋವಿನವನ ಹಾಗೆ ಶುರುಮಾಡಿ, ಹಲ್ಲುನೋವಿನವನ ಹಾಗೆ ಮುಗಿಸುತ್ತಾನೆ. ಹದಿನೇಳನೇ ವಯಸ್ಸಿನಲ್ಲಿ ಅದನ್ನು ಕೇಳಿದಾಗ, ನನ್ನ ಎದೆಯೊಳಗಿನ ಮಾತು ಇವನಿಗೆ ಹೇಗೆ ಗೊತ್ತಾಯಿತು ಎಂದು ಗಾಬರಿಯಾಗಿತ್ತು. ಮೊದಲು ಕೇಳಿದ್ದು ಒಂದು ಭಾನುವಾರ ಬೆಳಿಗ್ಗೆ, ನಮ್ಮ ತಾರಸಿಯ ಮೇಲೆ. ಸದ್ದು ದೊಡ್ಡದಾಗಲಿ ಎಂದು ಟೇಪ್ ರೆಕಾರ್ಡರನ್ನು ಖಾಲಿ ಹಂಡೆಯೊಳಗೆ ಇಟ್ಟಿದ್ದೆ. ಪಕ್ಕದಲ್ಲಿ ದಿಲ್ಶಾದ್ ಇದ್ದಳು.

ದಿಲ್ಶಾದ್ ಎದುರು ಮನೆಯವಳು, ಹಾಸಿಗೆ ಅಂಗಡಿ ಹುಸೇನ್ ಕಾಕಾನ ಒಬ್ಬಳೇ ಮಗಳು. ಅವರ ಮನೆತನಕ್ಕೆ ತಲೆತಲಾಂತರದಿಂದ ಹತ್ತಿ ಹೊಡೆಯುವ ಕೆಲಸ. ಬೀದಿಯ ಎಲ್ಲ ಹಾಸಿಗೆ, ದಿಂಬು ಅವರದೇ ಕೈಯವು. ‘ತುಕ್ಕು’ ಕೇಳಿದ ಆ ದಿನವೇ ನಾವಿಬ್ಬರೂ ಸೇರಿ ಒಂದು ಬ್ಯಾಂಡ್ ಕಟ್ಟಿದೆವು. ಅವರು ಸೀಮೆಎಣ್ಣೆಯಾದ್ದರಿಂದ ನಾವು ‘ಗ್ಯಾಸ್ ಸಿಲಿಂಡರ್’. ಹಾಡು ಬರೆದು ಹಾಡುವುದು ನಾನು, ಡಬ್ಬ ಬಡಿಯುವುದು ಅವಳು. ಎರಡು ವರ್ಷ ಅಭ್ಯಾಸ ಮಾಡಿದೆವು. ಕಾಲೇಜಿನ ವಾರ್ಷಿಕೋತ್ಸವದ ದಿನ ವೇದಿಕೆ ಹತ್ತಿದೆವು. ಮೊದಲ ಹಾಡಿಗೇ ಅವಳ ತಾಳ ಒಂದು ದಾರಿ, ನನ್ನ ಹಾಡು ಒಂದು ದಾರಿ. ಮುಂದಿನ ಸಾಲಿನವರು ನಗಲು ಶುರುಮಾಡಿದರು. ನಾನು ಹಾಡು ನಿಲ್ಲಿಸಿ, ಮೈಕಿನಲ್ಲಿ ಹೇಳಿದೆ: "ಕ್ಷಮಿಸಿ, ಹತ್ತಿ ಹೊಡೆಯೋ ಮನೆಯವಳ ಕೈಗೆ ತಾಳ ಕೊಟ್ರೆ ಇನ್ನೇನಾಗುತ್ತೆ?"

ಇಡೀ ಸಭೆ ಗೊಳ್ಳೆಂದು ನಕ್ಕಿತು. ನನ್ನನ್ನು ನೋಡಿ ನಗುವುದನ್ನು ಬಿಟ್ಟು ಅವಳನ್ನು ನೋಡಿ ನಕ್ಕಿತು, ನನಗೆ ಬೇಕಾದದ್ದೂ ಅದೇ. ಮೂರನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹುಸೇನ್ ಕಾಕಾ ಕೂತಿದ್ದರು.

ಆಮೇಲೆ ಹತ್ತು ವರ್ಷ ನಾವು ಎದುರುಬದುರು ಮನೆಯಲ್ಲಿ ಮಾತಿಲ್ಲದೆ ಇದ್ದೆವು. ದಿಲ್ಶಾದ್ ಓದಿ ದನದ ಡಾಕ್ಟರಾಗಿ ನಮ್ಮೂರಿನ ಪಶು ಆಸ್ಪತ್ರೆಗೇ ಬಂದಳು. ನಮ್ಮ ಬೆಕ್ಕು ಕಾಯಿಲೆ ಬಿದ್ದಾಗ ಅವಳೇ ಬಂದು ಸೂಜಿ ಚುಚ್ಚಿ, "ಎರಡು ದಿನ ಹಾಲು ಕೊಡಬಾರದು ಅಂತ ನಿಮ್ಮ ಮನೆಯವರಿಗೆ ಹೇಳು" ಎಂದು ನನ್ನೆದುರೇ ಬೆಕ್ಕಿಗೆ ಹೇಳಿ ಹೋದಳು. ಕಳೆದ ತಿಂಗಳು ಅವಳಿಗೆ ಹೊಳೆಯಾಚೆಯ ಯಾವುದೋ ಊರಿಗೆ ವರ್ಗವಾಯಿತು. ಕಾಕಾ ಅಂಗಡಿ ಮುಚ್ಚಿ ಜೊತೆಗೆ ಹೊರಟರು. ಸೋಮವಾರ ಬೆಳಿಗ್ಗೆ ಲಾರಿ ಬರುತ್ತದೆ ಎಂದು ಬೀದಿಯೆಲ್ಲ ಸುದ್ದಿ.

ಅವಳು ಹೀಗೆಯೇ ಹೋಗಿಬಿಟ್ಟರೆ ಈ ಜನ್ಮಕ್ಕೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಹೋಗಿ ಕ್ಷಮೆ ಕೇಳಬಹುದಿತ್ತು. ಎದುರು ಮನೆಗೆ ಹದಿನಾಲ್ಕು ಹೆಜ್ಜೆ. ಆದರೆ ಕಥೆ ತಿಂದು ಬೆಳೆದವಳು ಹದಿನಾಲ್ಕು ಹೆಜ್ಜೆ ನಡೆಯುವುದಿಲ್ಲ, ಅಟ್ಟ ಹತ್ತಿ ಮಾಯದ ವಸ್ತು ಹುಡುಕುತ್ತಾಳೆ. ‘ತುಕ್ಕು’ ಹಾಕಿದರೆ ನಾನೂ ಹದಿನೇಳು, ಅವಳೂ ಹದಿನೇಳು. ಜಗಳ ಇನ್ನೂ ಆಗಿಯೇ ಇಲ್ಲ! ಅವಳು ಯಾವತ್ತಿನ ಹಾಗೆ ಮೆಟ್ಟಿಲು ಹತ್ತಿ ಓಡಿ ಬರುತ್ತಾಳೆ. ಕ್ಯಾಸೆಟ್ ಮುಗಿಯುವಾಗ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿರುತ್ತೇವೆ. ಹಾಗೆ ನಗುತ್ತಿರುವವರು ಮತ್ತೆ ಜಗಳಕ್ಕೆ ವಾಪಸು ಹೋಗುವುದು ಹೇಗೆ? ಬಾಯಿಬಿಟ್ಟು ಏನನ್ನೂ ಕೇಳಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಂಡೆಯೊಳಗೆ ಟೇಪ್ ರೆಕಾರ್ಡರ್ ಇಟ್ಟೆ. ನನಗೊಂದು ಚೀಟಿ ಬರೆದು ಕಟ್ಟಿಕೊಂಡೆ. ‘ನೀಲೂ, ನಿನಗೀಗ ಇಪ್ಪತ್ತೊಂಬತ್ತು. ಗಾಬರಿ ಬೇಡ. ದಿಲ್ಲು ಬರುತ್ತಾಳೆ, ಯಾವತ್ತಿನ ಹಾಗೆ ಇರು. ತಾರಸಿಯ ಅಂಚಿಗೆ ಹೋಗಬೇಡ.’ ಎಲ್ಲವೂ ಸರಿ ಇತ್ತು. ಮರೆತದ್ದು ಒಂದೇ, ಬೀದಿಯನ್ನು. ಹನ್ನೆರಡು ವರ್ಷದ ಹಿಂದೆ ಅದೇ ಹಂಡೆಯಿಂದ ಇಡೀ ಬೀದಿಗೆ ನಾನು ಈ ಕ್ಯಾಸೆಟ್ ಕೇಳಿಸಿದ್ದೆ. ಎಲ್ಲರೂ ಮೊದಲು ಕೇಳಿದ್ದು ಅವತ್ತೇ. ನಿಯಮದ ಪ್ರಕಾರ ಹಿಂದಿನ ದಿನವೇ ಮನೆಮನೆಗೆ ತಿಳಿಸಬೇಕು, ಅವರೂ ಚೀಟಿ ಕಟ್ಟಿಕೊಳ್ಳಬೇಕಲ್ಲ. ಊರಿಗೆಲ್ಲ ಚೀಟಿ ಬರೆಯುವ ನಾನೇ ಯಾರಿಗೂ ಹೇಳದೆ ಗುಂಡಿ ಒತ್ತಿಯೇಬಿಟ್ಟೆ.

ಗ್ರೈಂಡರು ತಿರುಗಿತು. ಕಣ್ಣು ಬಿಟ್ಟಾಗ ನನಗೆ ಹದಿನೇಳು. ಮಣಿಕಟ್ಟಿನ ಚೀಟಿ ಓದಿದೆ. "ಇಪ್ಪತ್ತೊಂಬತ್ತಾ! ಆದ್ರೂ ಇದೇ ತಾರಸಿಯಾ?" ಎಂದು ಬಹಳ ಬೇಜಾರಾಯಿತು. ನಂತರ ಚೀಟಿಯಲ್ಲಿ ಬೇಡ ಎಂದಿದ್ದರಿಂದ ನೇರ ಅಂಚಿಗೆ ಹೋಗಿ ಕೆಳಗೆ ಬಗ್ಗಿ ನೋಡಿದೆ.

ಮೊದಲು ಕೇಳಿದ್ದು ಅಪ್ಪನ ಕೂಗು. "ನನ್ನ ಸ್ಕೂಟರ್! ನಿನ್ನೆ ತಂದದ್ದು ಕಣ್ರೋ! ಪೂಜೆನೂ ಮಾಡ್ಸಿಲ್ಲ, ಕದ್ದುಬಿಟ್ರು!" ಆ ಸ್ಕೂಟರನ್ನು ಅಪ್ಪ ಮಾರಿ ಆರು ವರ್ಷವಾಗಿತ್ತು. ಮೂಲೆ ಮನೆಯ ಡ್ರಿಲ್ ಮೇಷ್ಟ್ರು ಶಿವರುದ್ರಯ್ಯನವರು ನಿವೃತ್ತರಾಗಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಆರಾಮಕುರ್ಚಿಯಲ್ಲಿ ಇರುವವರು. ಅವರು ಸೀಟಿ ಊದುತ್ತ ಬೀದಿಗೆ ಬಂದು, "ಕಳ್ಳ ಯಾವ ಕಡೆ ಹೋದ? ಸಾಲಾಗಿ ನಿಲ್ಲಿ, ಎಲ್ಲಾ ಸಾಲಾಗಿ ನಿಲ್ಲಿ!" ಎಂದು ಓಡಲು ನೋಡಿ, ಎರಡನೇ ಹೆಜ್ಜೆಗೆ ಸೊಂಟ ಹಿಡಿದುಕೊಂಡು, "ಯಾರೋ ನನ್ನ ಬೆನ್ನಿಗೆ ಏನೋ ಮಾಡಿದಾರೆ" ಎಂದು ಸಂಶಯದಿಂದ ಸುತ್ತ ನೋಡಿದರು. ಟೈಲರನ ಮನೆಯೊಳಗಿಂದ ಕಸ್ತೂರಿಯ ಕಿರುಚಾಟ ಬಂತು. ಒಂದು ಕ್ಷಣ ನಿಂತಿತು. ಫ್ರಿಜ್ಜಿನ ಹತ್ತಿರ ಹೋಗಿರಬೇಕು. "ಇವನಾ?!" ಎಂದು ಮೊದಲಿಗಿಂತ ಜೋರಾಗಿ ಮತ್ತೆ ಬಂತು.

ಸದಾನಂದ ಟೇಪು ಕುತ್ತಿಗೆಗೆ ಹಾಕಿಕೊಂಡು ಬೀದಿಗೆ ಬಂದು ನಿಂತಿದ್ದ. ಪಾಪ, ಬೆವರುತ್ತಿದ್ದ. "ನಾನೇನೂ ಮಾಡಿಲ್ಲ, ಅಂಗಡಿ ಬಾಗ್ಲು ತೆಗೆದ್ರೆ ಒಳಗೆ ಇವ್ರು ಅಡಿಗೆ ಮಾಡ್ತಿದ್ರು" ಅನ್ನುತ್ತಿದ್ದ. ಅವರ ಮಕ್ಕಳಿಬ್ಬರಿಗೆ ಹನ್ನೆರಡು ವರ್ಷ ಇನ್ನೂ ಆಗಿಲ್ಲವಲ್ಲ, ಅವರಿಗೆ ಏನೂ ಆಗಿರಲಿಲ್ಲ. ಜಗಲಿಯ ಮೇಲೆ ಕಡಲೆಕಾಯಿ ಸುಲಿಯುತ್ತ, "ಅಪ್ಪಾ, ಇನ್ನೂ ಒಂದ್ಸಲ ಹೇಳು" ಅನ್ನುತ್ತಿದ್ದರು. ಕೆಳಗಿನಿಂದ ಅಜ್ಜಿ, "ನೀಲೂ, ರಾಜಕುಮಾರಿ ಬಾವಿಗೆ ಇಳಿದಳು ಅನ್ನೋ ತನಕ ಹೇಳಿದ್ದೆ, ಎಲ್ಲಿ ಹಾಳಾಗಿ ಹೋದೆ?" ಎಂದು ಕರೆಯುತ್ತಿದ್ದಳು.

ಇಷ್ಟೆಲ್ಲದರ ನಡುವೆ ಎದುರು ಮನೆಯ ಬಾಗಿಲು ತೆರೆಯಿತು. ದಿಲ್ಶಾದ್ ಹೊರಗೆ ಬಂದಳು. ನನ್ನ ಹದಿನೇಳರ ಮನಸ್ಸು ಕುಣಿಯಿತು. "ದಿಲ್ಲೂ! ಬಾ ಬೇಗ! ಮೂರನೇ ಹಾಡು ಬರ್ತಿದೆ!" ಎಂದು ಕೈ ಬೀಸಿದೆ. ಅವಳು ತಲೆಯೆತ್ತಿ ನೋಡಿದಳು, ಕೈ ಬೀಸಲಿಲ್ಲ. ಬೀದಿಗೆ ಇಳಿದು, ಹೋರಿಗಳ ಮಧ್ಯೆ ನಡೆಯುವವರ ಹಾಗೆ ಎರಡೂ ಕೈ ಅಗಲಿಸಿ, "ಹೊಯ್, ಹೊಯ್, ನಿಧಾನ" ಅನ್ನುತ್ತ ಒಬ್ಬೊಬ್ಬರನ್ನೇ ಹಿಡಿದಳು. ಮೇಷ್ಟ್ರ ಬಾಯಿಂದ ಸೀಟಿ ಕಿತ್ತು ಅವರನ್ನು ಕಟ್ಟೆಗೆ ಕೂರಿಸಿದಳು. ಅಪ್ಪನ ಬೆನ್ನು ಸವರಿ, "ಸ್ಕೂಟರ್ ಸರ್ವಿಸಿಗೆ ಹೋಗಿದೆ ಅಂಕಲ್, ಸಂಜೆ ಬರುತ್ತೆ" ಅಂದಳು. ಕಸ್ತೂರಿ ಸೌಟು ಹಿಡಿದು ಬಾಗಿಲಿಗೆ ಬಂದಾಗ, "ಅಕ್ಕಾ, ಇವ್ನು ಒಳ್ಳೇವ್ನೇ. ನಾನು ನೋಡಿದೀನಿ, ಬಟ್ಟೆ ಕದಿಯಲ್ಲ" ಅಂದಳು. ಬೀದಿ ಶಾಂತವಾಯಿತು. ಆಗಲೇ ಕಟಕ್ ಎಂದು ಎ ಸೈಡ್ ಮುಗಿಯಿತು.

ಹನ್ನೆರಡು ವರ್ಷ ಒಟ್ಟಿಗೇ ನನ್ನ ತಲೆ ಮೇಲೆ ಬಿತ್ತು. ಕೆಳಗೆ ಎಲ್ಲರಿಗೂ ಹಾಗೆಯೇ ಬಿದ್ದಿರಬೇಕು. ಆಮೇಲೆ ಇಡೀ ಬೀದಿ ಒಟ್ಟಿಗೇ ಕತ್ತೆತ್ತಿ ನಮ್ಮ ತಾರಸಿಯನ್ನು ನೋಡಿತು.

"ನೀಲಾಂಬಿಕೇ!" ಎಂದರು ಅಪ್ಪ. ಪೂರ್ತಿ ಹೆಸರು ಕರೆದರೆ ಅಲ್ಲಿಗೆ ಮುಗಿಯಿತು.

"ನೀವಿರಿ ಅಂಕಲ್, ನಾನು ನೋಡ್ತೀನಿ" ಎಂದು ದಿಲ್ಶಾದ್ ನಮ್ಮ ಮೆಟ್ಟಿಲು ಹತ್ತಿದಳು. ಹತ್ತು ವರ್ಷದ ಮೇಲೆ ಅವಳ ಹೆಜ್ಜೆ ಆ ಮೆಟ್ಟಿಲ ಮೇಲೆ.

ಹಂಡೆಯ ಆ ಕಡೆ ಅವಳು, ಈ ಕಡೆ ನಾನು.

"ಏನಿದು?" ಅಂದಳು.

"ನಿನ್ನ ಹದಿನೇಳಕ್ಕೆ ಕರ್ಕೊಂಡು ಹೋಗೋಣ ಅಂತ..." ಅಂದೆ. "ಆದ್ರೆ ನಿನಗೆ ಏನೂ ಆಗ್ಲಿಲ್ಲ. ಅವತ್ತು ನೀನು ಇಲ್ಲೇ ಇದ್ಯಲ್ಲ? ನನ್ನ ಜೊತೇಲೇ ಕೇಳಿದ್ಯಲ್ಲ?"

ಅವಳು ಮೊದಲ ಸಲ ಕಣ್ಣು ತಪ್ಪಿಸಿದಳು. "ಇದ್ದೆ. ಕೇಳ್ಲಿಲ್ಲ."

"ಅಂದ್ರೆ?"

"ಕಿವೀಲಿ ಹತ್ತಿ ಇಟ್ಕೊಂಡಿದ್ದೆ. ಅವತ್ತು ಕಿವಿ ನೋವಿತ್ತು. ನೀನು ‘ಹೇಗಿದೆ, ಹೇಗಿದೆ’ ಅಂತ ಕುಣೀತಿದ್ದೆ. ಸೂಪರ್ ಅಂದ್ಬಿಟ್ಟೆ. ಆಮೇಲೆ ಒಂದಿನ ಹತ್ತಿ ಚೂರು ಎತ್ತಿ ನೋಡ್ದೆ, ಅಬ್ಬಬ್ಬಾ, ಹಾಡು ಶುರುವಾಗೋ ಮೊದಲೇ ಯಾರೋ ತಗಡು ಹರೀತಿದ್ರು. ಮತ್ತೆ ಇಟ್ಕೊಂಡೆ."

"ಎರಡು ವರ್ಷವಾ?"

"ನಮ್ಮನೇಲಿ ಹತ್ತಿಗೇನು ಬರ?"

ಎರಡು ವರ್ಷ ನಾನು ಅವಳಿಗೆ ಹೇಳುತ್ತಿದ್ದದ್ದು ಒಂದೇ ಮಾತು, "ಮೂರನೇ ಹಾಡಿನ ತಾಳ ಹಿಡಿ, ಅದೇ ತಾಳ." ಅವಳು ಆ ಹಾಡನ್ನು ಕೇಳಿಯೇ ಇರಲಿಲ್ಲ. ನನ್ನ ಖುಷಿ ಹಾಳಾಗಬಾರದೆಂದು ಕೇಳಿದ ಹಾಗೆ ನಟಿಸಿ, ಊಹೆಯ ಮೇಲೆ ಡಬ್ಬ ಬಡಿದಿದ್ದಳು. ನಾನು ಮೈಕ್ ಹಿಡಿದಿದ್ದೆ.

ಈಗ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಕಾಯುತ್ತಿದ್ದಳು ಕೂಡ. ನಾನು ಏನು ಮಾಡಿದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಕೈ ಹಂಡೆಯೊಳಗೆ ಹಾಕಿ, ಕ್ಯಾಸೆಟ್ ತಿರುಗಿಸಿ, ಬಿ ಸೈಡ್ ಒತ್ತಿಬಿಟ್ಟೆ.

ಕೆಳಗೆ ಮತ್ತೆ "ನನ್ನ ಸ್ಕೂಟರ್!" ಎಂದು ಕೇಳಿಸಿತು. ನಾನು ಹದಿನೇಳಕ್ಕೆ ಪಾರಾಗಿದ್ದೆ.

"ಬಂದ್ಯಾ! ಎಷ್ಟೊತ್ತು ಕಾಯೋದು?" ಎಂದು ಅವಳ ಕೈ ಹಿಡಿದೆ. "ಏನೇ ಇದು, ಇಷ್ಟು ದೊಡ್ಡೋಳಾಗಿದೀಯ? ಡಾಕ್ಟರ್ ಥರ ಕಾಣ್ತೀಯ."

"ಡಾಕ್ಟರೇ. ದನಕ್ಕೆ."

"ಸುಳ್ಳು! ನೀನು ಡ್ರಮ್ಮರ್ ಕಣೇ. ಯಾಕೆ ಮುಖ ಹೀಗೆ ಮಾಡ್ಕೊಂಡಿದೀಯ? ಯಾರೇನಂದ್ರು?"

ದಿಲ್ಶಾದ್ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹಂಡೆಗೆ ಒರಗಿ ಕೂತು, "ಒಬ್ಳು ಅಂದ್ಳು. ಕಾಲೇಜಲ್ಲಿ, ಮೈಕಲ್ಲಿ. ಹತ್ತಿ ಹೊಡೆಯೋ ಮನೆಯವಳ ಕೈಗೆ ತಾಳ ಕೊಟ್ರೆ ಇನ್ನೇನಾಗುತ್ತೆ ಅಂತ. ನಮ್ಮ ಅಬ್ಬಾ ಅಲ್ಲೇ ಕೂತಿದ್ರು" ಅಂದಳು.

"ಯಾರವಳು?" ನಾನು ಎದ್ದು ನಿಂತಿದ್ದೆ. "ಹುಸೇನ್ ಕಾಕಾನ ಎದುರಿಗಾ? ಹೆಸರು ಹೇಳು. ಈಗ್ಲೇ ಹೋಗೋಣ ನಡಿ. ಜುಟ್ಟು ಹಿಡಿದು ಎಳ್ಕೊಂಡು ಬಂದು ಕಾಕಾನ ಮುಂದೆ ನಿಲ್ಲಿಸ್ತೀನಿ!"

"ಬೇಡ ಬಿಡು."

"ಏನು ಬಿಡು? ನೀನು ಹೀಗೆ ಬಿಟ್ಟೂ ಬಿಟ್ಟೂ ಎಲ್ರೂ ತಲೆ ಮೇಲೆ ಕೂರೋದು. ಎಂಥ ಹೊಲಸು ಬಾಯಿ ಅವಳದು! ಚೆನ್ನಾಗಿ ಕಾಣ್ತಾಳಾ?"

"ಪರವಾಗಿಲ್ಲ" ಅಂದಳು ದಿಲ್ಶಾದ್. "ಸ್ವಲ್ಪ ಉಬ್ಬುಹಲ್ಲು."

"ಅನ್ಕೊಂಡೆ" ಅಂದೆ ನಾನು.

ಅವಳು ನಗಲು ಶುರುಮಾಡಿದಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ನನಗೂ ಖುಷಿಯಾಗಿ, ಬಿ ಸೈಡಿನ ಹಾಡೊಂದೊಂದನ್ನೂ ಅವಳಿಗೆ ವಿವರಿಸಿದೆ. ಇದು ಕುರ್ಚಿಯ ಬಗ್ಗೆ, ಆದರೆ ನಿಜಕ್ಕೂ ಒಂಟಿತನದ ಬಗ್ಗೆ. ಇದು ಒಂಟಿತನದ ಬಗ್ಗೆ, ಆದರೆ ನಿಜಕ್ಕೂ ಹಲ್ಲಿಯ ಬಗ್ಗೆ. ಮಧ್ಯೆ ಮಧ್ಯೆ, "ಆ ಹುಡುಗಿ ಹೆಸರು ಮಾತ್ರ ಹೇಳಿಬಿಡು" ಎಂದು ಕಾಡಿದೆ. ಅವಳು ಹೇಳಲಿಲ್ಲ. ಕೊನೆಯ ಹಾಡಿನ ಕೊನೆಯ ಗಿಟಾರು ಎಳೆದು ಎಳೆದು ಸಣ್ಣಗಾಯಿತು. ಕಟಕ್.

ಜುಟ್ಟು ಹಿಡಿದು ಎಳೆಯಲು ಹೊರಟವಳು ನಾನು, ಎಳೆಸಿಕೊಳ್ಳಬೇಕಾದವಳೂ ನಾನು. ತಿರುಗಿಸಲು ಇನ್ನೊಂದು ಸೈಡ್ ಇರಲಿಲ್ಲ. ನನ್ನ ಕೈ ಇನ್ನೂ ಅವಳ ಕೈಯಲ್ಲಿತ್ತು. ಅದನ್ನು ಬಿಡಿಸಿಕೊಂಡೆ, ಹಿಡಿದುಕೊಂಡು ಹೇಳುವ ಮಾತಲ್ಲ ಅದು.

"ದಿಲ್ಲು, ನಾನು ಅಂದಿದ್ದು" ಅಂದೆ. "ಜನ ನನ್ನ ನೋಡಿ ನಗ್ತಿದ್ರು. ನಿನ್ನ ನೋಡಿ ನಗ್ಲಿ ಅಂತ ಬೇಕು ಅಂತಲೇ ಅಂದೆ. ತಪ್ಪಾಯ್ತು."

ಅವಳು ಸೀರೆ ಕೊಡವಿಕೊಂಡು ಎದ್ದಳು. "ನನಗಿಂತ ಮೊದಲು ಹೇಳಬೇಕಾದವರು ಕೆಳಗಿದಾರೆ" ಅಂದಳು.

ಹದಿನಾಲ್ಕು ಹೆಜ್ಜೆ ಅಂದೆನಲ್ಲ, ಆ ದಿನ ನೂರಾದರೂ ಆಗಿರಬೇಕು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಸೀಟಿ ಕಳೆದುಕೊಂಡ ಮೇಷ್ಟ್ರು. ಕಸ್ತೂರಿ ಮಾತ್ರ ಗಂಡನ ಪಕ್ಕ ನಿಂತು, "ನೋಡಮ್ಮ, ಎರಡನೇ ಸಲ ನೋಡಿದ್ರೂ ಇವನೇ ಆಗ್ಬೇಕಾ ನನಗೆ" ಎಂದು ಬೈಯುತ್ತ ನಗುತ್ತಿದ್ದಳು. ಹುಸೇನ್ ಕಾಕಾ ಮನೆ ಮುಂದಿನ ಖಾಲಿ ಅಂಗಡಿಯ ನಡುವೆ ಕೊನೆಯ ಹಾಸಿಗೆಗೆ ಹತ್ತಿ ತುಂಬುತ್ತಿದ್ದರು. ಮೀಸೆಯ ಮೇಲೆಲ್ಲ ಹತ್ತಿ. ನಾನು ಹೊಸ್ತಿಲಲ್ಲೇ ನಿಂತು ಹೇಳಿದೆ. ಮಧ್ಯದಲ್ಲಿ ಮಾತು ತಪ್ಪಿತು, ಮತ್ತೆ ಮೊದಲಿಂದ ಹೇಳಿದೆ. ಕಾಕಾ ಕೆಲಸ ನಿಲ್ಲಿಸದೆ ಕೇಳಿದರು.

"ತಾಳ ಅವಳಿಗೆ ನಿಜವಾಗ್ಲೂ ಇರ್ಲಿಲ್ಲಮ್ಮ" ಅಂದರು ಕೊನೆಗೆ. "ಅದು ಸರಿ. ಆದ್ರೆ ಹತ್ತಿ ಹೊಡೆಯೋದಕ್ಕೆ ತಾಳ ಬೇಕು. ಅದು ನಿನಗೆ ಗೊತ್ತಿರ್ಲಿಲ್ಲ. ಹತ್ತು ವರ್ಷದಿಂದ ಯಾವಾಗ ಹೇಳೋದು ಅಂತ ಕಾಯ್ತಿದ್ದೆ." ಹಾಸಿಗೆಯ ಬಾಯಿ ಜೋಡಿಸುತ್ತ, "ಇನ್ನು ನಿಂತ್ಕೊಂಡು ಏನು ಮಾಡ್ತೀಯ, ಆ ತುದಿ ಹಿಡ್ಕೊ" ಅಂದರು.

ಹಿಡಿದುಕೊಂಡೆ. ಇನ್ನೊಂದು ತುದಿ ದಿಲ್ಶಾದ್ ಹಿಡಿದಳು. ಮಧ್ಯೆ ಕಾಕಾ ಉದ್ದನೆಯ ಸೂಜಿಯಿಂದ ಹೊಲಿಯುತ್ತ ಹೋದರು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವ ತನಕ ನಾವು ಹಾಗೆಯೇ ಎಳೆದು ಹಿಡಿದಿದ್ದೆವು.

"ಇವತ್ತು ಮೊದಲ ಸಲ ಪೂರ್ತಿ ಕೇಳಿದ್ಯಲ್ಲ, ಹೇಗಿತ್ತು?" ಎಂದು ಕೇಳಿದೆ.

"ಕೊನೇ ಹಾಡು ಪರವಾಗಿಲ್ಲ."

"ಹೌದಾ? ಯಾಕೆ?"

"ಚಿಕ್ಕದು."

ಆಮೇಲೆ ಅವಳಿಗೇ ಏನೋ ಹೊಳೆದು ಕೈ ನಿಲ್ಲಿಸಿದಳು. "ಲೇ, ನಾನು ಮೊದಲು ಕೇಳಿದ್ದು ಇವತ್ತು ಬೆಳಿಗ್ಗೆ. ಅಂದ್ರೆ ಇನ್ನು ಮೇಲೆ ನಾನು ಈ ಊರಿಗೆ ಬಂದಾಗ ನೀನು ಅದನ್ನ ಹಾಕಿದ್ರೆ, ನಾನು ಇವತ್ತು ಬೆಳಗಿನ ದಿಲ್ಶಾದ್. ಹತ್ತು ವರ್ಷದ ಸಿಟ್ಟು ಹೊಟ್ಟೇಲಿ ಇಟ್ಕೊಂಡಿರೋಳು. ನೀನು ನನ್ನ ಹತ್ರ ಕ್ಷಮೆ ಕೇಳೇ ಇರಲ್ಲ."

ಹೌದಲ್ಲ ಅನ್ನಿಸಿತು. ನಾನು ಹದಿನೇಳರ ಪೆದ್ದಿ, ಅವಳು ಸಿಟ್ಟಿನ ಡಾಕ್ಟರು. ಪ್ರತಿ ಸಲ ಮತ್ತೆ ಅದೇ.

"ಹಾಗಾದ್ರೆ ಇನ್ನು ಹಾಕೋದೇ ಬೇಡ" ಅಂದೆ.

ದಿಲ್ಶಾದ್ ಹಾಸಿಗೆಯ ತುದಿಯನ್ನು ತನ್ನ ಕಡೆಗೆ ಇನ್ನಷ್ಟು ಎಳೆದು ಹಿಡಿದಳು.

"ಹಾಕು" ಅಂದಳು. "ನಲವತ್ತನಾಲ್ಕು ನಿಮಿಷ ತಾನೆ. ಮುಗಿಯುತ್ತಲ್ಲ."